ಟಪಾಲಿನವನ ಕಾಲುಚೀಲ

ಆ ಮನುಷ್ಯನ ಕಾಲನ್ನು ನೋಡುವುದಕ್ಕೆ ಮೊದಲು ನಾನು ಅವನ ಹೆಜ್ಜೆಗುರುತನ್ನು ನೋಡಿದೆ. ತರೀಕೆರೆಯಿಂದ ಹೊರಟ ಬೆಳಗಿನ ಬಸ್ಸು ಕೆಮ್ಮಣ್ಣುಗುಂಡಿ ಬೆಟ್ಟದ ಬುಡದಲ್ಲಿ ನಿಂತಿತ್ತು. ಒಬ್ಬಾತ ಹತ್ತಿ, ಡ್ರೈವರಿನ ಹಿಂದೆ ಇಟ್ಟಿದ್ದ ಖಾಕಿ ಟಪಾಲು ಚೀಲವನ್ನು ಹೆಗಲಿಗೆ ಹಾಕಿಕೊಂಡು ಇಳಿದ. ಅವನು ಕ್ಯಾನ್ವಾಸ್ ಬೂಟು ಊರಿದಲ್ಲೆಲ್ಲ ಬಸ್ಸಿನ ತಗಡಿನ ಮೇಲೆ ಅಡಿಕೆಯಷ್ಟು ಅಗಲದ ಕೆಂಪು ಕಲೆ ಬಿದ್ದಿತ್ತು. ಮುಂಗಾರು ಇನ್ನೂ ಹಿಡಿದಿರಲಿಲ್ಲ, ನೆಲ ಒಣಗಿತ್ತು. ಹಾಗಾಗಿ ಅದು ಕೆಸರಲ್ಲ ಎಂದು ತಿಳಿಯಿತು.

ನಾನೂ ಇಳಿದು ಅವನನ್ನು ನಿಲ್ಲಿಸಿದೆ.

“ಕಾಲಿಗೇನಾಯ್ತಣ್ಣ?”

ಅವನು ಬೇರೆ ಯಾರದೋ ಕಾಲನ್ನು ನೋಡುವವನಂತೆ ಕೆಳಗೆ ನೋಡಿದ. “ಏನೂ ಆಗಿಲ್ವಲ್ಲ ಸಾ.”

ಕಲ್ಲಿನ ಮೇಲೆ ಕೂರಿಸಿ ಬಲಗಾಲಿನ ಬೂಟನ್ನು ಮಗುಚಿ ನೋಡಿದೆ. ರಬ್ಬರಿನ ಅಟ್ಟೆಯನ್ನು ತೂರಿಕೊಂಡು ತುಕ್ಕು ಹಿಡಿದ ಮೊಳೆಯೊಂದು ಹೆಬ್ಬೆರಳ ಬುಡಕ್ಕೆ ಹೊಕ್ಕಿತ್ತು. ಹೆಬ್ಬೆ ಕಡೆಯ ಒಂದು ಕಾಫಿ ಎಸ್ಟೇಟಿನಿಂದ ಅವನು ಆರು ಮೈಲಿ ಇಳಿದು ಬಂದಿದ್ದ. ಮೊಳೆ ಎಲ್ಲಿ ಚುಚ್ಚಿತೆಂದು ಅವನಿಗೆ ಗೊತ್ತಿರಲಿಲ್ಲ. ನಾನು ಕಿತ್ತಾಗಲೂ ಮುಖ ಕಿವಿಚಲಿಲ್ಲ. ಕಣ್ಣು ಮುಚ್ಚಿಕೊಳ್ಳಲು ಹೇಳಿ ಬಾಲ್ ಪೆನ್ನಿನ ತುದಿಯಿಂದ ಅಂಗಾಲಿನ ಹತ್ತು ಕಡೆ ಒತ್ತಿದೆ. ಒತ್ತಿದಾಗೆಲ್ಲ ಬೆರಳಿಟ್ಟು ತೋರಿಸಬೇಕು. ಅವನು ಎರಡೇ ಕಡೆ ತೋರಿಸಿದ, ಅದೂ ಹಿಮ್ಮಡಿಯ ಅಂಚಿನಲ್ಲಿ. ಉಳಿದ ಎಂಟು ಸಲವೂ ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ.

“ಸುರು ಮಾಡಿ ಸಾ,” ಅಂದ, ಎಲ್ಲ ಮುಗಿದ ಮೇಲೆ.

ಆಗ ನಾನು ಕುಷ್ಠರೋಗ ಚಿಕಿತ್ಸಾ ಘಟಕವೊಂದರಲ್ಲಿ ಊರೂರು ತಿರುಗುವ ಕಾರ್ಯಕರ್ತ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಜನ ನನ್ನನ್ನು ‘ಮಚ್ಚೆ ಡಾಕ್ಟ್ರು’ ಎನ್ನುತ್ತಿದ್ದರು. ಡಾಕ್ಟರೇನಲ್ಲ, ಮೈಮೇಲಿನ ಮಚ್ಚೆಗೆ ಸ್ಪರ್ಶವಿದೆಯೋ ಇಲ್ಲವೋ ನೋಡಿ, ಮಾತ್ರೆ ಕೊಟ್ಟು, ಕಾಲು ತೊಳೆಯುವುದನ್ನು ಕಲಿಸುವುದು ನನ್ನ ಕೆಲಸ. ತರೀಕೆರೆಯಲ್ಲಿ ಅಕ್ಕಿ ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿದ್ದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನನ್ನ ಲೋಟವನ್ನು ಬೇರೆ ಇಟ್ಟಿದ್ದರು. ಯಾರೂ ಅದನ್ನು ಹೇಳಿರಲಿಲ್ಲ. ಅಂಚು ಚಕ್ಕೆಯೆದ್ದ ಅದೇ ಲೋಟ ದಿನಾ ನನ್ನ ಮುಂದೆ ಬರುತ್ತಿದ್ದುದರಿಂದ ಗೊತ್ತಾಯಿತು.

ಟಪಾಲಿನವನಿಗೆ ನಲವತ್ತೈದರ ಆಸುಪಾಸು. ಹಿಂದೆ ಕಡೂರಿನ ಕಡೆ ಇದ್ದಾಗ ಐದು ವರ್ಷ ಮಾತ್ರೆ ನುಂಗಿ ರೋಗ ವಾಸಿಯಾಗಿತ್ತು. ಅವನಿಂದ ಯಾರಿಗೂ ಅಂಟುವಂತಿರಲಿಲ್ಲ. ಆದರೆ ಸತ್ತ ನರ ಮತ್ತೆ ಹುಟ್ಟುವುದಿಲ್ಲ. ರೋಗದ ಹೆಸರು ಜನರ ಬಾಯಿಗೆ ಬಿದ್ದರೆ ಉಳಿಗಾಲವಿಲ್ಲವೆಂದು ಅವನು ಊರು ಬಿಟ್ಟು ಬೆಟ್ಟ ಹತ್ತಿದ್ದ. ಎಸ್ಟೇಟಿನ ಕೂಲಿ ಲೈನಿನ ಕೊನೆಯ ಕೋಣೆಯಲ್ಲಿ ಒಬ್ಬನೇ ಇದ್ದ. ದಿನವೂ ಟಪಾಲು ಚೀಲ ಹೊತ್ತು ಇಳಿಯುವುದು, ಬಸ್ಸಿನಿಂದ ಬಂದ ಚೀಲ ಹೊತ್ತು ಹತ್ತುವುದು. ಎಲ್ಲರ ಕಾಗದವೂ ಅವನ ಕೈಯಿಂದಲೇ ಹೋಗುತ್ತಿದ್ದರೂ ಅವನಿಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ.

“ಎಸ್ಟೇಟ್ನೋರ್ಗೆ ಗೊತ್ತಾಗ್ಬಾರ್ದು ಸಾ,” ಅಂದ. “ಗೊತ್ತಾದ್ರೆ ಕಾಗ್ದ ಇರ್ಲಿ, ನಾನ್ ಮುಟ್ಟಿದ್ ಗೇಟೂ ಮುಟ್ಟಲ್ಲ.”

ನಮ್ಮ ಘಟಕದಲ್ಲಿ ಇಂಥ ಕಾಲಿಗೆಂದೇ ಮೆತ್ತನೆಯ ರಬ್ಬರ್ ಹಾಸಿನ ಚಪ್ಪಲಿ ಕೊಡುತ್ತಿದ್ದರು. ಹದಿನೈದು ದಿನ ಬಿಟ್ಟು, ಮೊಳೆಯ ಗಾಯ ಮಾಗಿದ ಮೇಲೆ, ಅದನ್ನು ತಂದು ತೋರಿಸಿದೆ. ಅವನು ಮುಟ್ಟಲೇ ಇಲ್ಲ. ಅಗಲವಾದ ಕಪ್ಪು ಪಟ್ಟಿಯ ಆ ಚಪ್ಪಲಿಯನ್ನು ಒಂದು ಫರ್ಲಾಂಗಿನಿಂದಲೇ ಗುರುತು ಹಿಡಿಯಬಹುದಿತ್ತು. “ಇದನ್ನ ಹಾಕ್ಕಳೋದೂ ಒಂದೇ, ಕತ್ತಿಗ್ ಬೋರ್ಡ್ ತಗಲಾಕ್ಕಳೋದೂ ಒಂದೇ” ಅಂದ. ಅವನು ಹೇಳಿದ್ದು ನಿಜವೇ.

ನಮ್ಮ ಡಾಕ್ಟರು ಯೋಚಿಸಿ ಒಂದು ಉಪಾಯ ಹೇಳಿದರು. ಒಂದು ಅಳತೆ ದೊಡ್ಡದಾದ ಮಾಮೂಲಿ ಕ್ಯಾನ್ವಾಸ್ ಬೂಟು ತೆಗೆದುಕೊಂಡು ಅದರೊಳಗೆ ಆ ಮೆತ್ತನೆಯ ರಬ್ಬರನ್ನು ಕತ್ತರಿಸಿ ಹಾಕುವುದು. ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ.

“ಆದರೆ ಬೂಟಿನೊಳಗೆ ಬರಿಗಾಲು ಇಟ್ಟರೆ ಬಟ್ಟೆ ಉಜ್ಜಿ ಹುಣ್ಣಾಗುತ್ತೆ,” ಅಂದರು. “ಕಾಲುಚೀಲ ಬೇಕು. ಎಂಥದು ಅಂತ ನೀವೇ ನೋಡಿ. ನಮ್ಮ ಪಟ್ಟಿಯಲ್ಲಿ ಕಾಲುಚೀಲ ಇಲ್ಲ.”

ಕಾಲುಚೀಲ ಆರಿಸುವುದೇನು ದೊಡ್ಡ ಕೆಲಸ ಎಂದುಕೊಂಡೆ. ನನ್ನ ಹಳ್ಳಿ ಚೌಳಹಿರಿಯೂರಿನ ಹತ್ತಿರ. ಅಲ್ಲಿ ಮದುವೆಗಂಡು ಮಾತ್ರ ಕಾಲುಚೀಲ ಹಾಕುತ್ತಿದ್ದ, ಅದೂ ಒಂದು ದಿನ. ತರೀಕೆರೆಯ ಅಂಗಡಿಯಲ್ಲಿ ಹೊಳೆಯುವ ನೈಲಾನಿನವು ಇದ್ದವು. ಆಗ ಅದೇ ಹೊಸ ಫ್ಯಾಷನ್ನು. ಎಳೆದರೆ ಮೊಳದುದ್ದ ಬರುತ್ತಿದ್ದವು, ಬಿಟ್ಟರೆ ಅಂಗೈಯಗಲ. ಎಂಥ ಕಾಲಿಗೂ ಆಗುತ್ತದೆಂದು ಅಂಗಡಿಯವರು ಹೇಳಿದರು. ಕಪ್ಪು ಬಣ್ಣದ ಎರಡು ಜೊತೆ ತೆಗೆದುಕೊಟ್ಟೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಎರಡು ವಾರದ ನಂತರ ಬೆಟ್ಟದ ಬುಡದ ಪಾಳು ಕಾವಲು ಗುಡಿಸಲಿನಲ್ಲಿ, ಅಂದರೆ ನಾವು ಯಾರ ಕಣ್ಣಿಗೂ ಬೀಳದೆ ಭೇಟಿಯಾಗುತ್ತಿದ್ದ ಜಾಗದಲ್ಲಿ, ಅವನ ಕಾಲುಚೀಲ ಬಿಚ್ಚಿದೆ. ಅಂಗಾಲು ನೀರಿನಲ್ಲಿ ನೆನೆಹಾಕಿದ ಕಡಲೆಯ ಸಿಪ್ಪೆಯಂತೆ ಬಿಳಿಚಿ ಸುಕ್ಕಾಗಿತ್ತು. ದಾರಿಯಲ್ಲಿ ಮೂರು ಹಳ್ಳ ದಾಟಬೇಕು. ಒಳಗೆ ಹೋದ ನೀರನ್ನು ನೈಲಾನು ಹೊರಗೆ ಬಿಡುತ್ತಿರಲಿಲ್ಲ. ಜಾರಿ ಹಿಮ್ಮಡಿಯ ಕೆಳಗೆ ಮಡಿಕೆಯಾಗಿ ಕೂತಿದ್ದ ಕಡೆ ಚರ್ಮದಲ್ಲಿ ಬೆರಳು ಹೂತುಹೋಗುವಂಥ ಗೆರೆ ಬಿದ್ದಿತ್ತು. ಸ್ಪರ್ಶವಿರುವ ಮನುಷ್ಯ ನೂರು ಹೆಜ್ಜೆಯಲ್ಲಿ ನಿಂತು ಆ ಮಡಿಕೆ ಸರಿಮಾಡಿಕೊಳ್ಳುತ್ತಿದ್ದ. ಇವನು ಅದರ ಮೇಲೆ ದಿನಕ್ಕೆ ಹನ್ನೆರಡು ಮೈಲಿ ನಡೆದಿದ್ದ.

ನೈಲಾನು ಬೇಡ, ಉಣ್ಣೆಯದಿರಲಿ ಎಂದುಕೊಂಡೆ. ಉಣ್ಣೆ ನೆನೆದರೂ ದಪ್ಪ ಕಳೆದುಕೊಳ್ಳುವುದಿಲ್ಲ, ಮೆತ್ತೆಯಂತೆ ನಿಲ್ಲುತ್ತದೆ. ಕಡೂರಿನ ಸಂತೆಯಲ್ಲಿ ಹಳೆಯ ಖಾಕಿ ಉಡುಪು ಮಾರುವವನ ಹತ್ತಿರ ಮೊಣಕಾಲಿನವರೆಗೆ ಬರುವ ದಪ್ಪ ಖಾಕಿ ಉಣ್ಣೆಯ ಜೊತೆಯೊಂದು ಸಿಕ್ಕಿತು. ಬಲಗಾಲಿನದರಲ್ಲಿ ಮುಂಗಾಲಿನ ಹತ್ತಿರ ಸಣ್ಣ ತೂತು. ಕೋಣೆಗೆ ಬಂದು ಸೂಜಿ ಹಿಡಿದು ನಾನೇ ಅದನ್ನು ಹೊಲಿದೆ. ನೀಟಾಗಿ ಹೊಲಿದೆನೆಂದು ಹೆಮ್ಮೆಯಾಗಿತ್ತು. ಕೊನೆಗೆ ದಾರ ಬಿಚ್ಚಿಹೋಗದಿರಲೆಂದು ಒಳಬದಿಯಲ್ಲಿ ಎರಡು ಗಂಟು ಹಾಕಿ ಹಲ್ಲಿನಿಂದ ತುಂಡರಿಸಿದೆ.

ಆ ಗಂಟು ಜೋಳದ ಕಾಳಿಗಿಂತ ದೊಡ್ಡದಿರಲಿಲ್ಲ.

ಹದಿನೈದು ದಿನದ ನಂತರ ಅವನು ನಗುತ್ತಲೇ ಬಂದ. “ಇದು ಬೋ ಚೆನ್ನಾಗದೆ ಸಾ. ಬೆಚ್ಚಗೆ ಇರ್ತದೆ ಅನ್ಸುತ್ತೆ,” ಅಂದ. ಬೆಚ್ಚಗಿರುವುದು ಅವನಿಗೆ ಮೊಣಕಾಲಿನ ಕೆಳಗೆ ಎಷ್ಟು ತಿಳಿಯುತ್ತಿತ್ತೋ. ಕಾಲುಚೀಲ ಎಳೆದರೆ ಅಂಗಾಲಿಗೆ ಅಂಟಿಕೊಂಡು ಬಿಡಲಿಲ್ಲ. ನೀರು ಹಾಕಿ ನೆನೆಸಿ ಬಿಡಿಸಿದೆ. ಗಂಟು ಇದ್ದ ಜಾಗಕ್ಕೆ ಸರಿಯಾಗಿ ಒಂದು ಗುಣಿ, ಒಳಗೆ ಕೀವು. ಸಣ್ಣ ಲೋಹದ ಕಡ್ಡಿ ಹಾಕಿ ಆಳ ನೋಡಿದೆ. ಮೂಳೆ ಮುಟ್ಟಿರಲಿಲ್ಲ, ಅಷ್ಟೇ ಪುಣ್ಯ. ರಕ್ತ ಬಂದು ಒಣಗಿ ಎರಡು ಮೂರು ದಿನವಾದರೂ ಆಗಿತ್ತು. ಖಾಕಿಯ ಮೇಲೆ ಅದು ಕೆಸರಿನ ಕಲೆಯಂತೆಯೇ ಕಾಣುತ್ತಿತ್ತು.

“ಏನ್ಸಾ, ಗಾಯ ಆಗದಾ?” ಅಂತ ಕೇಳಿದ.

“ನಾನು ಹಾಕಿದ ಗಂಟಿನಿಂದ ಆಗಿದೆ,” ಅಂದೆ.

ಅವನು ಕಾಲುಚೀಲ ತೆಗೆದುಕೊಂಡು ಬೆರಳಿನಿಂದ ಆ ಗಂಟನ್ನು ಹುಡುಕಿದ. ಅವನ ಕೈಬೆರಳುಗಳಲ್ಲಿ ಇನ್ನೂ ಸ್ವಲ್ಪ ಚುರುಕಿತ್ತು. ಸಿಕ್ಕಿದ ಮೇಲೆ ಎರಡು ಬೆರಳ ನಡುವೆ ಅದನ್ನು ಹೊರಳಿಸುತ್ತಾ ಕೂತ. ಬೈದಿದ್ದರೆ ಚೆನ್ನಾಗಿತ್ತು.

“ಎಷ್ಟ್ ದಿನ ಮಲೀಕಬೇಕು?”

“ಆರು ವಾರ. ಕಾಲು ಊರಲೇಬಾರದು.”

“ಆರ್ ವಾರ ಮಲೀಕಂಡ್ರೆ ಚೀಲ ಬ್ಯಾರೇವ್ರ ಹೆಗಲ್ಗೆ ಹೋಯ್ತದೆ ಸಾ. ಆಮ್ಯಾಕೆ ವಾಪಸ್ ಬರಲ್ಲ.”

ನಾನು ಅವನ ಜೊತೆಗೆ ಎಸ್ಟೇಟಿನವರೆಗೆ ಹೋದೆ. ಎರಡು ಮೈಲಿ ಕಾಫಿ ಲಾರಿ ಸಿಕ್ಕಿತು. ಉಳಿದದ್ದನ್ನು ಅವನು ನನ್ನ ಹೆಗಲ ಮೇಲೆ ಭಾರ ಹಾಕಿ, ಬಲಗಾಲು ಊರದೆ ಹತ್ತಿದ. ಎಸ್ಟೇಟಿನ ರೈಟರಿಗೆ, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತರಿಗೆ, ಕಾಲು ಉಳುಕಿದೆ ಎಂದು ಸುಳ್ಳು ಹೇಳಿದೆ. ನಾನು ಆಸ್ಪತ್ರೆಯವನೆಂದಷ್ಟೇ ಅವರಿಗೆ ಗೊತ್ತಿತ್ತು, ಯಾವ ಆಸ್ಪತ್ರೆಯೆಂದು ಕೇಳಲಿಲ್ಲ. “ಆರು ವಾರ ಒಬ್ಬ ಆಳನ್ನ ಕಳಿಸ್ತೀನಿ. ಅದಕ್ಕಿಂತ ಜಾಸ್ತಿ ಆದ್ರೆ ಆಗಲ್ಲ ಕಣ್ರೀ,” ಅಂದರು. ಮಾತು ಒರಟಾಗಿದ್ದರೂ ಅವರು ಕೆಟ್ಟವರಲ್ಲ.

ಅವತ್ತು ಒಬ್ಬನೇ ಬೆಟ್ಟ ಇಳಿಯುವಾಗ ಮಳೆ ಸುರಿಯುತ್ತಿತ್ತು. ನನ್ನ ಚಪ್ಪಲಿಯೊಳಗೆ ಒಂದು ಸಣ್ಣ ಹರಳು ಸೇರಿಕೊಂಡಿತು. ನಾಲ್ಕು ಹೆಜ್ಜೆಗೆ ನಿಂತು ಅದನ್ನು ಕೊಡವಿದೆ. ಮತ್ತೆ ನಡೆಯಲು ಹೊರಟವನು ಅಲ್ಲೇ ನಿಂತುಬಿಟ್ಟೆ. ಇಷ್ಟು ದಿನ ನಾನು ಕಾಲುಚೀಲವನ್ನು ಕೈಯಲ್ಲಿ ಹಿಡಿದು ನೋಡಿ ಆರಿಸಿದ್ದೆ. ಅದು ಸರಿಯಿದೆಯೇ ಎಂದು ಹೇಳಬೇಕಾದದ್ದು ಕಾಲು. ಅವನ ಕಾಲು ಹೇಳಲಾರದು. ನನ್ನದು ಹೇಳುತ್ತದೆ. ಇಬ್ಬರ ಅಳತೆಯೂ ಎಂಟೇ. ಇನ್ನು ಮುಂದೆ ಯಾವ ಕಾಲುಚೀಲವೇ ಆಗಲಿ, ಅದೇ ಬೂಟು, ಅದೇ ದಾರಿ, ಹತ್ತಿ ಇಳಿದು ಹನ್ನೆರಡು ಮೈಲಿ ಮೊದಲು ನಾನು ನಡೆಯಬೇಕು. ಆಮೇಲೆ ಅವನಿಗೆ.

ಇನ್ನೆರಡು ವಿಷಯವನ್ನೂ ಅವತ್ತೇ ನಿರ್ಧರಿಸಿದೆ. ಕಾಲುಚೀಲಕ್ಕೆ ಎಲ್ಲೂ ಹೊಲಿಗೆಯ ಏಣು, ಅಂದರೆ ಉಬ್ಬುಗೆರೆ, ಇರಬಾರದು. ಮತ್ತೆ ಅದು ಬಿಳಿಯದಾಗಿರಬೇಕು. ನೋವು ಹೇಳದಿದ್ದರೆ ಬಣ್ಣವಾದರೂ ಹೇಳಲಿ.

ಏಣು ಇಲ್ಲದ ಕಾಲುಚೀಲ ಅಂಗಡಿಯಲ್ಲಿ ಸಿಗುವುದಿಲ್ಲ. ಅಜ್ಜಂಪುರದಲ್ಲಿ ಹೆಣಿಗೆ ಕಲಿಸುವ ಟೀಚರೊಬ್ಬರಿದ್ದರು. ಮುಂಬಾಗಿಲ ಕೋಣೆಯಲ್ಲಿ ಹೆಣಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳಿಗೆ ಸ್ವೆಟರ್ ಮಾಡಿಕೊಡುತ್ತಿದ್ದರು. ಗಂಡ ತೀರಿಕೊಂಡು ಅಣ್ಣನ ಮನೆಯಲ್ಲಿದ್ದವರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಹೋಗಿ ಕೇಳಿದೆ.

“ಯಂತ್ರದಲ್ಲಿ ಆಗಲ್ಲ,” ಅಂದರು. “ಅದು ಹಾಳೆ ಥರ ಬರುತ್ತೆ, ಆಮೇಲೆ ಮಡಚಿ ಹೊಲೀಬೇಕು. ನಾಲ್ಕು ಕಡ್ಡಿಯಲ್ಲಿ ಸುತ್ತಾಗಿ ಹೆಣೆದ್ರೆ ಹೊಲಿಗೆ ಬರಲ್ಲ. ಹಿಮ್ಮಡಿ ತಿರುಗಿಸೋದು ಕಷ್ಟ, ಆದ್ರೂ ಮಾಡಬಹುದು. ಯಾರಿಗೆ?”

“ನನಗೇ. ಬೆಟ್ಟ ಹತ್ತೋ ಕೆಲಸ.”

ಮತ್ತೆ ಸುಳ್ಳು. ಅವರು ಕಾಲು ನೀಡಿ ಎಂದು ಹೇಳಿ ನೂಲಿನಿಂದ ನನ್ನ ಪಾದದ ಉದ್ದ, ಮುಂಗಾಲಿನ ಸುತ್ತು, ಹಿಮ್ಮಡಿಯಿಂದ ಕಣಕಾಲಿನ ಎತ್ತರ ಎಲ್ಲ ಅಳೆದು ಗಂಟು ಹಾಕಿಟ್ಟುಕೊಂಡರು. ಬೆರಳು ಪಾದಕ್ಕೆ ತಾಗದಂತೆ ಹುಷಾರಾಗಿ ಅಳೆದರು, ಹೆಣ್ಣುಮಗಳಾಗಿ ಅದು ಸಹಜ. ಆದರೂ ಮನೆಗೆ ಕರೆದು ಕೂರಿಸಿ ಹೀಗೆ ನನ್ನ ಮುಂದೆ ಯಾರಾದರೂ ಕೂತು ಎಷ್ಟು ಕಾಲವಾಗಿತ್ತು ಎಂದು ಯೋಚಿಸುತ್ತಿದ್ದೆ. ಊರಿಗೆ ಹೋದರೆ ಅವ್ವ ಹಿತ್ತಲ ಬಾಗಿಲಿನಲ್ಲಿ ಬಿಸಿನೀರು ಇಟ್ಟು “ಮೊದ್ಲು ಮೈ ತೊಳ್ಕೊಂಡ್ ಒಳಗ್ ಬಾರಪ್ಪ” ಅನ್ನುತ್ತಿದ್ದಳು. ಎರಡು ಕಡೆ ಹೆಣ್ಣು ನೋಡಿ ಬಂದ ಮೇಲೆ ಅವರಿಂದ ಮಾತು ಬಂದಿರಲಿಲ್ಲ.

ಟೀಚರು ಬಿಳಿ ಉಣ್ಣೆಯಲ್ಲಿ ಮೊದಲ ಜೊತೆ ಹೆಣೆದರು. ಅದನ್ನು ಹಾಕಿಕೊಂಡು ಬೆಳಗಿನ ಬಸ್ಸಿನಿಂದ ಇಳಿದು ಒಬ್ಬನೇ ಬೆಟ್ಟ ಹತ್ತಿದೆ. ಬೂಟಿನೊಳಗೆ ಅವನ ಕಾಲಿನ ಆಕಾರಕ್ಕೆ ಕತ್ತರಿಸಿದ ಅದೇ ರಬ್ಬರ್ ಹಾಸು ಇತ್ತು. ಪ್ರತಿ ಮೈಲಿಗೆ ಕೂತು, ಒತ್ತಿದ ಕಡೆ, ಉರಿದ ಕಡೆ ಕಾಲುಚೀಲದ ಮೇಲೆ ಪೆನ್ನಿನಿಂದ ಗುರುತು ಹಾಕಿದೆ. ಹತ್ತುವಾಗ ತೊಂದರೆಯಿರಲಿಲ್ಲ. ಇಳಿಯುವಾಗ ಕಾಲು ಬೂಟಿನೊಳಗೆ ಮುಂದಕ್ಕೆ ಜಾರಿ, ಹಿಮ್ಮಡಿಯಲ್ಲಿ ಉಜ್ಜಿ, ನಾಲ್ಕನೇ ಮೈಲಿಗೆ ಬೊಬ್ಬೆ ಎದ್ದಿತು. ಕಣಕಾಲಿನ ಸುತ್ತ ಇಂಬಳಗಳು, ಅಂದರೆ ಕಾಡಿನ ಜಿಗಣೆಗಳು, ಹೆಣಿಗೆಯ ಸಂದಿನಲ್ಲೇ ತೂರಿ ಕಚ್ಚಿ ಬಿಳಿಯೆಲ್ಲ ಕೆಂಪಾಯಿತು. ಇಂಬಳದ ರಕ್ತ ಯಾವುದು, ಹುಣ್ಣಿನ ರಕ್ತ ಯಾವುದು ಎಂದು ಹೀಗಾದರೆ ತಿಳಿಯುವುದು ಹೇಗೆ?

ಎರಡು ದಿನ ಬಿಟ್ಟು ಮತ್ತೆ ಮೇಲೆ ಹೋಗಿ, ಮಲಗಿದ್ದ ಟಪಾಲಿನವನನ್ನು ಕೇಳಿದೆ. ಅವನಿಗೆ ಇದೆಲ್ಲ ತಮಾಷೆಯಾಗಿ ಕಂಡಿತು. ನಾನು ಕುಂಟುತ್ತಾ ಒಳಗೆ ಬಂದದ್ದನ್ನು ನೋಡಿ ಮೊದಲ ಸಲ ಜೋರಾಗಿ ನಕ್ಕ.

“ಇಂಬ್ಳಕ್ಕೆ ಹೊಗೇಸೊಪ್ಪೇ ಮದ್ದು ಸಾ. ನೀರ್ನಾಗ್ ನೆನ್ಸಿ, ಆ ನೀರ್ನಾಗ್ ಅದ್ದಿ ಹಾಕ್ಕಳಿ. ಹತ್ರಕ್ ಬರಲ್ಲ.”

ಮುಂದಿನ ವಾರ ಇಡೀ ಕಾಲುಚೀಲವನ್ನು ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿ, ಹಿಂಡಿ, ಹಸಿಯಾಗಿಯೇ ಹಾಕಿಕೊಂಡು ಹೊರಟೆ. ಇಂಬಳ ಹತ್ತಿರ ಬರಲಿಲ್ಲ. ಆದರೆ ಮೂರನೇ ಮೈಲಿಯಲ್ಲಿ ತಲೆ ತಿರುಗಿ, ವಾಂತಿಯಾಗಿ, ಹಳ್ಳದ ಪಕ್ಕ ಒಂದು ಗಂಟೆ ಬಿದ್ದುಕೊಂಡಿದ್ದೆ. ಹೊಗೆಸೊಪ್ಪಿನ ಸತ್ವ ಚರ್ಮದೊಳಗೆ ಇಳಿದಿತ್ತು. ಸುತ್ತ ಮರಗಳಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಇಲ್ಲ. ಇಲ್ಲಿ ಏನಾದರೂ ಆದರೆ ಯಾರು ಹುಡುಕಿಕೊಂಡು ಬರುತ್ತಾರೆ ಎಂದು ಲೆಕ್ಕ ಹಾಕಿದೆ. ಘಟಕದಲ್ಲಿ ತಿಂಗಳ ಕೊನೆಗೆ ವರದಿ ಬರಲಿಲ್ಲವೆಂದು ಗೊತ್ತಾಗುತ್ತಿತ್ತು. ಇದೇ ದಾರಿಯಲ್ಲಿ ಅವನು ಎಷ್ಟೋ ವರ್ಷ ಒಬ್ಬನೇ ನಡೆದಿದ್ದ. ಎದ್ದು ಕಾಲು ತೊಳೆದುಕೊಂಡು ನೋಡಿದರೆ ಬಿಳಿ ಉಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು. ಬಿಳಿಯದನ್ನು ಆರಿಸಿದ್ದು ಯಾವುದಕ್ಕೋ ಅದೇ ಹೋಯಿತು.

ಒಂದೇ ಕಾಲುಚೀಲದಿಂದ ಎರಡು ಕೆಲಸ ಆಗುವುದಿಲ್ಲ ಎಂಬುದು ಆ ಹಳ್ಳದ ಪಕ್ಕ ಹೊಳೆಯಿತು. ಎರಡು ಬೇಕು. ಒಳಗೆ ತೆಳುವಾದ ಬಿಳಿ ಹತ್ತಿಯದು, ಮೈಗೆ ಬಿಗಿಯಾಗಿ. ಅದರ ಮೇಲೆ ದಪ್ಪ ಉಣ್ಣೆಯದು, ಯಾವ ಬಣ್ಣವಾದರೂ ಸರಿ, ಮೊಣಕಾಲಿನವರೆಗೆ. ಉಣ್ಣೆಯದರಲ್ಲೂ ಕಣಕಾಲಿನಿಂದ ಮೇಲಿನ ಭಾಗವನ್ನು ಮಾತ್ರ ಹೊಗೆಸೊಪ್ಪಿನ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಪಾದದ ಭಾಗ ಅದ್ದಬಾರದು.

ಟೀಚರ ಹತ್ತಿರ ಮತ್ತೆ ಹೋದೆ. ಪೆನ್ನಿನ ಗುರುತುಗಳಿದ್ದ ಕಾಲುಚೀಲವನ್ನು ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇಷ್ಟೊಂದು ನೋಡಿ ನಡೆಯೋರು ಯಾರೂ ಇಲ್ಲ,” ಅಂದರು. “ನಿಜ ಹೇಳಿ. ಇದು ಯಾರಿಗೆ?”

ಹೇಳಿದೆ. ನನ್ನ ಕೆಲಸವೇನು ಎಂಬುದನ್ನೂ, ಟಪಾಲಿನವನ ಕಾಲನ್ನೂ, ನನ್ನ ಗಂಟನ್ನೂ. ಮಾತು ಮುಗಿದ ಮೇಲೆ ಅವರು ಎದ್ದು ಒಳಗೆ ಹೋದರು. ಇನ್ನು ಬರುವುದಿಲ್ಲವೆಂದು ನಾನೂ ಎದ್ದೆ. ಒಂದು ಉಂಡೆ ಹತ್ತಿ ನೂಲು ಹಿಡಿದುಕೊಂಡು ವಾಪಸು ಬಂದರು.

“ಮೊದಲೇ ಹೇಳಿದ್ರೆ ಬೆರಳಿನ ಕಡೆ ಇನ್ನೂ ನಾಲ್ಕು ಕುಣಿಕೆ ಅಗಲ ಬಿಡ್ತಿದ್ದೆ. ಅವರ ಬೆರಳು ಮಡಚಿಕೊಂಡಿದೆಯಾ, ನೆಟ್ಟಗಿದೆಯಾ?”

“ಸ್ವಲ್ಪ ಮಡಚಿಕೊಂಡಿದೆ.”

“ಎಷ್ಟು? ಕೈಯಲ್ಲಿ ಮಾಡಿ ತೋರಿಸಿ.”

ನಾನು ಕೈಬೆರಳು ಮಡಚಿ ತೋರಿಸಿದೆ. ಅವರು ನೋಡಿ, ನೂಲಿಗೆ ಒಂದು ಗಂಟು ಹಾಕಿಕೊಂಡರು. ನಂತರ, ಹೆಣೆದ ಮೇಲೆ ಎಳೆಯ ತುದಿಯನ್ನು ಗಂಟು ಹಾಕದೆ ಹೆಣಿಗೆಯೊಳಗೇ ಹೇಗೆ ಓಡಿಸಿ ಮುಗಿಸಬೇಕೆಂದು ನನಗೆ ಕಲಿಸಿದರು. ಹರಿದರೆ ನಾನೇ ಸರಿಮಾಡಬಹುದಲ್ಲ ಎಂದು. ಹತ್ತು ಸಲ ಬಿಚ್ಚಿಸಿ ಹತ್ತು ಸಲ ಮಾಡಿಸಿದರು.

ಒಳಗೆ ಹತ್ತಿ, ಹೊರಗೆ ಉಣ್ಣೆ ಹಾಕಿಕೊಂಡು ಮೂರನೇ ಸಲ ನಡೆದೆ. ಉಜ್ಜಾಟವೆಲ್ಲ ಎರಡು ಕಾಲುಚೀಲಗಳ ನಡುವೆಯೇ ನಡೆದು ಚರ್ಮಕ್ಕೆ ಬರಲಿಲ್ಲ. ಹನ್ನೆರಡು ಮೈಲಿಯ ಕೊನೆಗೆ ಒಂದೇ ಒಂದು ಪೆನ್ನಿನ ಗುರುತು, ಕಿರುಬೆರಳ ಹತ್ತಿರ. ಅದನ್ನೂ ಟೀಚರು ಬಿಚ್ಚಿ ಸರಿಮಾಡಿದರು.

ಅದನ್ನು ತೆಗೆದುಕೊಂಡು ಬರಲು ಹೋದ ದಿನ ಅವರ ಅಣ್ಣ ಬಾಗಿಲಲ್ಲಿ ಕೂತಿದ್ದರು. ಅವರದು ಊರಿನಲ್ಲಿ ದವಸದ ಮಂಡಿ, ಮಠಕ್ಕೆ ನಡೆದುಕೊಳ್ಳುವ ಕುಟುಂಬ. ಕಾಗದದಲ್ಲಿ ಸುತ್ತಿದ ಪೊಟ್ಟಣವನ್ನು ಜಗಲಿಯ ಅಂಚಿಗೆ ಇಟ್ಟು, “ತಪ್ಪು ತಿಳ್ಕೋಬೇಡ್ರಿ. ಹೆಣ್ಮಕ್ಳು ಮದುವೆಗೆ ಬಂದವ್ರೆ. ಇನ್ನು ಮನೆ ಹತ್ರ ಬರಬ್ಯಾಡಿ,” ಅಂದರು. ಧ್ವನಿ ಏರಿಸಲಿಲ್ಲ. ನಾನು ಪೊಟ್ಟಣ ತೆಗೆದುಕೊಂಡೆ. ಒಳಗಿನಿಂದ ಹೆಣಿಗೆ ಯಂತ್ರದ ಸದ್ದು ಕೇಳುತ್ತಿತ್ತು. ನಾನು ಬೀದಿಯ ತಿರುವು ದಾಟುವವರೆಗೂ ಅದು ನಿಲ್ಲಲಿಲ್ಲ. ಆಮೇಲೆ ಮೂರು ತಿಂಗಳಿಗೊಮ್ಮೆ ಎರಡು ಜೊತೆ ಕಾಲುಚೀಲ ಅಜ್ಜಂಪುರದಿಂದ ಬರುವ ಬಸ್ಸಿನ ಕಂಡಕ್ಟರ ಕೈಯಲ್ಲಿ ತರೀಕೆರೆಗೆ ಬರುತ್ತಿದ್ದವು. ಪೊಟ್ಟಣದಲ್ಲಿ ಚೀಟಿ ಇರುತ್ತಿರಲಿಲ್ಲ. ಅವರನ್ನು ಮತ್ತೆ ನಾನು ನೋಡಲಿಲ್ಲ.

ಹುಣ್ಣು ಮಾಗಲು ಆರು ವಾರವೇ ಹಿಡಿಯಿತು. ಕೊನೆಯ ವಾರ ಟಪಾಲಿನವನನ್ನು ಕೂರಿಸಿ ಪಾಠ ಮಾಡಿದೆ. ಬೆಳಿಗ್ಗೆ ಬೂಟಿನೊಳಗೆ ಕೈ ಹಾಕಿ ಸವರಿ ನೋಡುವುದು. ಒಳಗಿನ ಬಿಳಿಯದನ್ನು ಎಳೆದು, ಮಡಿಕೆಯಿಲ್ಲವೆಂದು ಕಣ್ಣಿನಿಂದ ನೋಡುವುದು. ಮೂರನೇ ಮೈಲಿಯಲ್ಲಿ ಒಂದು ಚಪ್ಪಟೆ ಬಂಡೆಯಿತ್ತು. ಹತ್ತುವಾಗಲೂ ಇಳಿಯುವಾಗಲೂ ಅಲ್ಲಿ ಕೂತು, ಎರಡೂ ಬಿಚ್ಚಿ, ಬಿಳಿಯದರ ಅಡಿ ನೋಡಿ, ಒದ್ದೆಯಿದ್ದರೆ ಒಣಗಿದ ಜೊತೆ ಹಾಕುವುದು. ಒಣಗಿದ್ದು ಟಪಾಲು ಚೀಲದಲ್ಲೇ ಪ್ಲಾಸ್ಟಿಕ್ಕಿನಲ್ಲಿರಬೇಕು. ಕೆಂಪು ಕಂಡರೆ ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಇಡಬಾರದು.

“ಚೀಲ?” ಅಂತ ಕೇಳಿದ.

“ಚೀಲ ಕಾಯುತ್ತೆ.”

“ಬಸ್ಸು ಕಾಯಲ್ವಲ್ಲ ಸಾ.”

ಹೊಸ ಜೊತೆಯನ್ನು ಕೈಗೆ ಕೊಟ್ಟಾಗ ಅವನು ಹಾಕಿಕೊಳ್ಳಲು ಹಿಂಜರಿದ. “ನೀವ್ ಹಾಕ್ಕಂಡಿದ್ದು ಇದು. ಇನ್ನ ನನ್ ಕಾಲಿಗ್ ಹೋದ್ರೆ ನೀವ್ ಮತ್ತೆ ಹಾಕ್ಕಳಂಗಿಲ್ಲ,” ಅಂದ. ಒಗೆದರೆ ಸಾಕು, ನನಗೇನೂ ಆಗುವುದಿಲ್ಲ ಎಂದೆ. ಅವನು ನಂಬಿದನೋ ಇಲ್ಲವೋ, ಹಾಕಿಕೊಂಡ.

ಆ ವರ್ಷದ ಹಿಂಗಾರು ಕಳೆಯಿತು. ಬೇಸಿಗೆ ಕಳೆಯಿತು. ಮುಂದಿನ ಮುಂಗಾರಿನ ಅರ್ಧವೂ ಕಳೆಯಿತು. ಹದಿನೈದು ದಿನಕ್ಕೊಮ್ಮೆ ಗುಡಿಸಲಿನಲ್ಲಿ ಅವನ ಪಾದ ನೋಡುತ್ತಿದ್ದೆ. ಗುಣಿಯಿದ್ದ ಕಡೆ ನಯವಾದ ಕಲೆ, ಅಷ್ಟೇ. ಕಾರ್ಡಿನಲ್ಲಿ ‘ಗಾಯವಿಲ್ಲ’ ಎಂದು ಬರೆದು ಬರೆದು ಒಂದು ಪುಟ ತುಂಬಿತು. ನನಗಾಗಿ ತಿಂಗಳಲ್ಲಿ ಎರಡು ದಿನ ಕಾಯುವವನು ಒಬ್ಬನಿದ್ದಾನೆಂಬುದನ್ನು ಬಿಟ್ಟರೆ ನನ್ನ ದಿನಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅಷ್ಟಿದ್ದದ್ದಕ್ಕೂ ನಾನು ನೆಮ್ಮದಿಯಾಗಿದ್ದೆ.

ಮಳೆಗಾಲದ ನಡುವೆ ಒಂದು ದಿನ ನಾನು ಗುಡಿಸಲಿಗೆ ಹೋದರೆ ಅವನು ಬಂದಿರಲಿಲ್ಲ. ಬಸ್ಸು ಹೊರಟುಹೋಯಿತು. ಎಸ್ಟೇಟಿನ ಚೀಲವನ್ನು ಕಂಡಕ್ಟರು ಗುಡಿಸಲಿನ ಕಟ್ಟೆಯ ಮೇಲೆ ಇಟ್ಟು ಹೋದ. ಹೆದರಿಕೆಯಾಗಿ ಚೀಲವನ್ನು ನಾನೇ ಹೊತ್ತುಕೊಂಡು ಬೆಟ್ಟ ಹತ್ತಿದೆ. ಮೂರನೇ ಮೈಲಿಯ ಬಂಡೆಯ ಮೇಲೆ ಅವನು ಕೂತಿದ್ದ. ಮಳೆಗೆ ಹೊದೆಯುವ ಗೊರಬಿನ ಕೆಳಗೆ ಕಾಲು ಮುಂದೆ ಚಾಚಿಕೊಂಡು, ಕಳಿಸಬೇಕಾದ ಟಪಾಲನ್ನು ತೊಡೆಯ ಮೇಲಿಟ್ಟುಕೊಂಡು. ಪಕ್ಕದಲ್ಲಿ ಬಿಳಿ ಕಾಲುಚೀಲ ಹರಡಿತ್ತು. ಅದರ ಅಡಿಯಲ್ಲಿ ಹುಣಸೆ ಬೀಜದಷ್ಟು ಕೆಂಪು.

“ಬಿದಿರ್ ಮುಳ್ಳು ಸಾ. ಅಟ್ಟೆ ತೂರ್ಕಂಡು ಬಂದದೆ. ಕಿತ್ತಾಕಿದೀನಿ,” ಅಂದ. “ಕೆಂಪ್ ಕಂಡ್ತು. ಕೂತ್ಕಂಡೆ.”

“ಎಷ್ಟು ಹೊತ್ತಿಂದ?”

“ಬಸ್ ಹೋಗೋ ಸದ್ದು ಕೇಳ್ತು.”

ನೋಡಿದೆ. ಮುಳ್ಳು ಚರ್ಮದ ಮೇಲ್ಪದರ ದಾಟಿತ್ತು, ಅಷ್ಟೇ. ಆರು ಮೈಲಿ ನಡೆದಿದ್ದರೆ ಅದು ಇನ್ನೊಂದು ಆರು ವಾರವಾಗುತ್ತಿತ್ತು. ತೊಳೆದು ಕಟ್ಟಿದೆ. ನೋವೇ ಇಲ್ಲದ ಮನುಷ್ಯ ಗಾಯ ಕಂಡು ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅವನನ್ನು ನಿಧಾನವಾಗಿ ಮೇಲಕ್ಕೆ ಕರೆದುಕೊಂಡು ಹೋದೆ. ರೈಟರು ಆಫೀಸಿನ ಮುಂದೆ ನಿಂತಿದ್ದರು.

“ಏನಪ್ಪಾ, ಟಪಾಲು ಹೋಗಲಿಲ್ವಂತೆ. ಒಂದು ಮುಳ್ಳಿಗೆ ಕೂತ್ಬಿಟ್ಯಾ?”

ನಾನು ಉಳುಕಿನ ಕತೆಯಂಥದ್ದೇ ಮತ್ತೊಂದನ್ನು ಹೇಳಲು ಬಾಯಿ ತೆರೆದೆ. ಅವನು ನನ್ನ ತೋಳು ಮುಟ್ಟಿ ತಡೆದ.

“ನಂಗ್ ದೊಡ್ ರೋಗ ಇತ್ತು ಬುದ್ಧಿ. ಮಾತ್ರೆ ತಕಂಡ್ ವಾಸಿ ಮಾಡ್ಕಂಡಿದೀನಿ. ಕಾಲಿಗೆ ಮಾತ್ರ ನೋವ್ ಗೊತ್ತಾಗಲ್ಲ. ಕೂರದೆ ಇದ್ರೆ ಕಾಲ್ ಹೋಯ್ತದೆ. ಅದ್ಕೇ ಕೂತೆ.”

ರೈಟರು ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಮುಖ ನೋಡಿದರು. ಅಂಟುವುದಿಲ್ಲವೆಂದು ನಾನು ಹೇಳಿದೆ, ಡಾಕ್ಟರಿಂದ ಬರೆಸಿ ತಂದುಕೊಡುತ್ತೇನೆ ಎಂದೆ. ಅವರು ಒಳಗೆ ಹೋದರು. ಮೂರು ದಿನ ಆಫೀಸಿನಿಂದ ಅವನಿಗೆ ಯಾವ ಸುದ್ದಿಯೂ ಬರಲಿಲ್ಲ. ನಾಲ್ಕನೇ ದಿನ ಚೀಲ ಅವನಿಗೇ ಬಂತು. ಕೆಲಸ ಉಳಿಯಿತು. ಆದರೆ ಆಫೀಸಿನ ಹೊರಗೆ ಒಂದು ಗೂಟ ಹೊಡೆದಿದ್ದರು. ಅವನು ಚೀಲವನ್ನು ಅದಕ್ಕೆ ತಗಲಿಸಿ ಹತ್ತು ಹೆಜ್ಜೆ ಹಿಂದೆ ನಿಲ್ಲಬೇಕು. ಅವರು ಬಂದು ತೆಗೆದುಕೊಳ್ಳುತ್ತಾರೆ. ಕೂಲಿ ಲೈನಿನಲ್ಲಿ ಅವನ ಪಕ್ಕದ ಕೋಣೆ ಖಾಲಿಯಾಯಿತು. ಅವನು ಹೇಳಿದ್ದು ಸರಿಯೋ ತಪ್ಪೋ ಎಂದು ನಾನು ಬಹಳ ದಿನ ಯೋಚಿಸಿದೆ. ಕೇಳಿದ್ದಕ್ಕೆ ಅವನು, “ಬಚ್ಚಿಟ್ಕಂಡ್ ನಡ್ಯೋವಾಗ ಕೂರಕ್ಕೂ ಹೆದ್ರಿಕೆ ಆಗ್ತಿತ್ತು ಸಾ,” ಎಂದಷ್ಟೇ ಹೇಳಿದ.

ಬೇಸಿಗೆ ಬರುವ ಮೊದಲು ನನಗೆ ಕಡೂರಿನ ಬಯಲು ಹಳ್ಳಿ ಕಡೆಗೆ ವರ್ಗವಾಯಿತು. ಬೆಟ್ಟಕ್ಕೆ ಬೇರೊಬ್ಬರು ಬರುವವರಿದ್ದರು. ಹೇಳಿಬರಲೆಂದು ಹೋದೆ, ಟಪಾಲಿನ ಬಸ್ಸಿಗಿಂತ ಮುಂಚಿನ, ನಸುಕಿನ ಮೊದಲ ಬಸ್ಸಿಗೆ. ಹೊಸ ಜಾಗಕ್ಕೆಂದು ಕೊಂಡ ಹೊಸ ಚರ್ಮದ ಬೂಟು ಹಾಕಿದ್ದೆ, ಒಳಗೆ ಕಾಲುಚೀಲವಿಲ್ಲ. ಅಷ್ಟೆಲ್ಲ ಕಲಿತವನು ನನ್ನ ಕಾಲಿನ ವಿಷಯ ಯೋಚಿಸಿಯೇ ಇರಲಿಲ್ಲ. ಅವನ ಕೋಣೆ ಮುಟ್ಟುವಷ್ಟರಲ್ಲಿ ಹಿಮ್ಮಡಿ ಕಿತ್ತುಬಂದಿತ್ತು.

ಅವನು ಟಪಾಲಿಗೆ ಹೊರಡುವ ಹೊತ್ತು. ನನ್ನನ್ನು ನೋಡಿ ಚೀಲ ಕೆಳಗಿಟ್ಟ. ಜಗಲಿಯ ಮೇಲೆ ಕೂರಿಸಿ, ಎದುರು ಕುಕ್ಕರುಗಾಲಿನಲ್ಲಿ ಕೂತು, ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡ. ಬೊಬ್ಬೆಯ ಸುತ್ತ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ. ಬಿಂದಿಗೆಯ ನೀರು ಹಾಕಿ ತೊಳೆದ, ಒರೆಸಿದ, ಬೆರಳುಗಳ ಸಂದಿಯನ್ನೂ ಬಿಡದೆ.

“ಇವತ್ ಇಳೀಬ್ಯಾಡಿ ಸಾ,” ಅಂದ.

“ಬಸ್ಸು ತಪ್ಪುತ್ತೆ.”

“ತಪ್ಲಿ. ನಾಳೆನೂ ಬರ್ತದೆ. ಒಳಗೆ ಮುದ್ದೆ ಅದೆ, ಉಣ್ಣಿ. ಕಾಲ್ ಮಾತ್ರ ಊರ್ಬ್ಯಾಡಿ. ಸಂಜೀಕ್ ಬತ್ತೀನಿ.”

ಚೀಲ ಹೆಗಲಿಗೇರಿಸಿ ಅವನು ಕಾಫಿ ಗಿಡಗಳ ನಡುವೆ ಇಳಿದು ಹೋದ. ನಾನು ಅಲ್ಲೇ ಕಾಲು ಚಾಚಿ ಕೂತೆ. ಲೈನಿನ ಹೆಂಗಸರು ಹಾದುಹೋಗುವಾಗ ನನ್ನ ಕಡೆ ನೋಡಿ ಆ ಬದಿಯಿಂದಲೇ ಸರಿದು ಹೋದರು. ಮಧ್ಯಾಹ್ನ ಮುದ್ದೆ ಉಂಡೆ. ಬಿಸಿಲು ಜಗಲಿಯ ಈ ತುದಿಯಿಂದ ಆ ತುದಿಗೆ ಹೋಯಿತು. ನಾಲ್ಕು ಗಂಟೆಯ ನಂತರ ದಾರಿಯ ಕಡೆಗೆ ಮತ್ತೆ ಮತ್ತೆ ಕತ್ತೆತ್ತಿ ನೋಡತೊಡಗಿದೆ. ಮನೆಗೆ ಬರುವ ಒಬ್ಬರಿಗಾಗಿ ಕಾಯುವುದು ನನಗೆ ಮರೆತೇ ಹೋಗಿತ್ತು.